ಎಂಟು ಗ್ರಹದ ಸೊಸಿ, ಒಂಬತ್ತು ಗ್ರಹದ ಮಾವ

ಕೆಲವರಿಗೆ ಎಲ್ಲಿ ಹೋದ್ರೂ ನಾಯಿ ಬೆನ್ನ ಹತ್ತತಾವು, ಕೆಲವರಿಗೆ ವಿಮಾ ಏಜಂಟ್ರು ಬೆನ್ನ ಹತ್ತತಾರ. ನನಗ ಗ್ರಹ ಬೆನ್ನ ಹತ್ಯಾವು. ನಾನು ಹೈಸ್ಕೂಲಿನ್ಯಾಗ ವಿಜ್ಞಾನ ಕಲಸೂ ಅಕ್ಕಾರು. ನಮ್ಮ ಮಾವಾರು ಕಿತ್ತೂರ ಹತ್ತರದ ಒಂದ ಹಳ್ಳಿಯ ಅಯ್ಯಾರು. ಪಂಚಾಂಗ ನೋಡತಾರ, ಮದವಿ ಮುಹೂರ್ತ ತಗದ ಕೊಡತಾರ, ನವಗ್ರಹ ಶಾಂತಿ ಮಾಡಸತಾರ. ನನ್ನ ಲೆಕ್ಕದಾಗ ಗ್ರಹ ಎಂಟು, ಅವರ ಲೆಕ್ಕದಾಗ ಒಂಬತ್ತು. ಹಿಂಗ ಒಂದ ಮಾಳಿಗಿ ಮನ್ಯಾಗ ಎರಡ ಆಕಾಶ ಇಟ್ಕೊಂಡ ಸಂಸಾರ ಮಾಡಿದ್ರ ನಗೀ ಪ್ರಸಂಗ ಆಗಲಾರದ ಇರತಾವೇನು? ಆಗತಾನ ಇರತಾವು. ಇಂಥಾ ಮನಿ ಸಿಕ್ಕಿದ್ದಕ್ಕ ನಾ ದಿನಾ ದೇವರಿಗೆ ಕೈ ಮುಗೀತೇನಿ. ನಗಿ ತಡಕೊಳ್ಳಾಕ ಆಗದ ದಿನ ಎರಡ ಸಲ ಮುಗೀತೇನಿ.

ಉಪ್ಪಿಟ್ಟು ಆರಿ ಹೋತು

ನನ್ನ ತವರಮನಿ ಬೈಲಹೊಂಗಲ. ಇದೆಲ್ಲಾ ಚಾಲೂ ಆಗಿದ್ದು ನನ್ನ ನೋಡಾಕ ಬಂದ ದಿನಾನ. ಅವ್ವ ಮುಂಜಾನಿ ಎದ್ದು ಶಿರಾ, ಉಪ್ಪಿಟ್ಟು ಮಾಡಿಟ್ಟು, "ಅವರು ಏನ ಕೇಳಿದ್ರೂ ಹೂಂ ಅಂದ ಬಿಡು. ನಿನ್ನ ಬಿ.ಎಸ್ಸಿ. ಶಾಣ್ಯಾತನ ಇವತ್ತ ಬಿಚ್ಚಬ್ಯಾಡ ನೋಡ ಮತ್ತ" ಅಂತ ಹೇಳಿದ್ದೇ ಹೇಳಿದ್ದು. ನಾನೂ ಆತಂದಿದ್ದೆ.

ಬಂದವರು ಮೂರ ಮಂದಿ. ಗಂಡು, ಅವರ ಅಪ್ಪ, ಅವರ ಅವ್ವ. ಹೆಸರೇನು, ಎಲ್ಲಿ ಓದಿದಿ, ರೊಟ್ಟಿ ಬಡಿಯಾಕ ಬರತೈತೇನು, ಇವೆಲ್ಲಾ ಮುಗದವು. ಆಮ್ಯಾಲೆ ಅಯ್ಯಾರು ಬಾಯಾಗಿನ ಎಲಿ ಅಡಕಿ ಒಂದ ಕಡೆ ಸರಿಸಿ, ಭಾಳ ಪ್ರೀತಿಲೆ, "ನವಗ್ರಹದ ಹೆಸರ ಹೇಳ್ತೀಯೇನ ತಂಗಿ?" ಅಂದ್ರು.

ಗ್ರಹ ಅನ್ನೂ ಶಬ್ದ ಕಿವಿಗೆ ಬಿತ್ತೋ ಇಲ್ಲೋ, ಅವ್ವನ ಮಾತು ತಲಿಯಿಂದ ಹಾರಿ ಹೋತು. "ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್, ನೆಪ್ಚೂನ್" ಅಂತ ಒಂದ ಉಸರಿನ್ಯಾಗ ಹೇಳಿ ಬಾಯಿ ಮುಚ್ಚಿದೆ.

"ಎಂಟ ಆದವು" ಅಂದ್ರು ಅಯ್ಯಾರು.

"ಎಂಟ ಇರೂದ್ರಿ. ಒಂಬತ್ತನೇದು ಪ್ಲೂಟೊ ಅಂತ ಒಂದಿತ್ತು, ಅದನ್ನ ತಗದಾರ್ರಿ."

"ಯಾರು ತಗದಾರು?"

"ವಿಜ್ಞಾನಿಗಳ್ರಿ."

"ಪಾಪ, ಅದೇನ ತಪ್ಪ ಮಾಡಿತ್ತು?"

"ತಪ್ಪೇನಿಲ್ರಿ. ಸಣ್ಣದಿತ್ರಿ."

ತಾಟಿನ್ಯಾಗಿನ ಉಪ್ಪಿಟ್ಟು ಆರಾಕ ಹತ್ತಿತು. ಅಡಗಿಮನಿ ಬಾಗಲದ ಹಿಂದ ಅವ್ವ ಹಣಿ ಹಣಿ ಬಡಕೊಂಡ ಸಪ್ಪಳ ನನಗ ಚಂದಂಗ ಕೇಳಿಸ್ತು. ಗಂಡಿನ ಅವ್ವ ತಲಿಮ್ಯಾಲಿನ ಸೆರಗು ಸರಿ ಮಾಡಕೊಂಡು ನನ್ನ ದಿಟ್ಟಿಸಿ ನೋಡಿದ್ರು.

"ಸಣ್ಣದೈತಿ ಅಂತ ಮನಿಮಂದೀನ ತಗದ ಹಾಕತಾರೇನವಾ? ನಮ್ಮ ಹುಡುಗನೂ ಗಿಡ್ಡನ ಅದಾನ. ಈಗ ಹೇಳಿ ಬಿಡು. ಇಟ್ಕೋತೀಯೋ, ಇಲ್ಲೋ?"

ಗಂಡು ಚಾದ ಕಪ್ಪಿನ್ಯಾಗ ಮಾರಿ ಮುಚ್ಕೊಂಡ್ರು. ನನಗ ಆಗ ಅವ್ವ ಹೇಳಿಕೊಟ್ಟಿದ್ದು ನೆನಪಾಗಿ, "ಹೂಂ" ಅಂದೆ. ಮದವಿ ಗಟ್ಟಿ ಆತು.

ಶುಕ್ರನ ಮ್ಯಾಲಿನ ಹೊಲ

ಗಂಡನ ಮನಿಗೆ ಬಂದ ಮ್ಯಾಲೆ ಗೊತ್ತಾತು, ಅಲ್ಲಿ ಎಂಟಿನಾಕಿ ನಾ ಒಬ್ಬಾಕಿನ. ನಮ್ಮ ಮನಿಯವರು ಕಿತ್ತೂರಾಗ ಝರಾಕ್ಸ್ ಅಂಗಡಿ ಇಟ್ಟಾರ. ಅವರು ಸಾಲಿ ಕಲಿಯೂ ಮುಂದ ಪ್ಲೂಟೊನ ಇನ್ನೂ ತಗದಿದ್ದಿಲ್ಲ. ಹಿಂಗಾಗಿ ಅವರೂ ಒಂಬತ್ತಿನ ಪಾರ್ಟಿ. ಅಪ್ಪ ಮಗ ಊಟಕ್ಕ ಕುಂತ್ರಂದ್ರ ಇಬ್ಬರೂ ಕೂಡಿ ನನ್ನ ಕಾಡಸ್ತಿದ್ರು. "ಒಂಬತ್ತಂದ್ರ ಒಂಬತ್ತು. ನಾವು ಇಬ್ಬರದೇವಿ, ನೀ ಒಬ್ಬಾಕಿ" ಅಂತ.

ಒಂದ ದಿನ ನನಗ ಸಿಟ್ಟ ಬಂತು. ರೊಟ್ಟಿ ಬುಟ್ಟಿ ಧಪ್ಪಂತ ನೆಲಕ್ಕಿಟ್ಟು, "ಆತ್ರಿ, ಎಣಿಸಿ ತೋರಸ್ರಿ ನೋಡೂಣು" ಅಂದೆ.

ಮಾವಾರು ಎಡಗೈ ಬೆರಳ ಮಡಚಾಕ ಸುರು ಮಾಡಿದ್ರು. "ಸೂರ್ಯ, ಚಂದ್ರ..."

"ಅಪ್ಪಾ, ಸೂರ್ಯ ಗ್ರಹ ಹ್ಯಾಂಗಾತು? ಅದು ನಕ್ಷತ್ರ" ಅಂದ್ರು ಮಗ.

"ಹಂಗಾರ ನೀ ಎಣಸು."

"ಬುಧ, ಶುಕ್ರ, ಭೂಮಿ..."

"ಭೂಮಿ?" ಮಾವಾರ ಕೈಯಾಗಿನ ತುತ್ತು ಅರ್ಧಕ್ಕ ನಿಂತಿತು. "ಗ್ರಹ ಅಂದ್ರ ಮ್ಯಾಲೆ ಕುಂತು ಕಾಡೂದಪಾ. ನಾವು ನಿಂತ ನೆಲ ನಮ್ಮನ್ನ ಯಾವತ್ತ ಕಾಡೇತಿ?"

ಇಬ್ಬರ ಒಂಬತ್ತೂ ಬ್ಯಾರೆ ಬ್ಯಾರೆ ಅಂತ ಅವರಿಗೆ ಆಗ ತಿಳೀತು. ಅಪ್ಪ ಮಗ ಒಬ್ಬರ ಮಾರಿ ಒಬ್ಬರು ನೋಡಾಕ ಹತ್ತಿದ್ರು. ಮಜ್ಜಿಗಿ ನೀಡಾಕ ಬಂದ ಅತ್ತಿಯವರು ಮಾವಾರ ವಾಟೆಕ್ಕ ಮಜ್ಜಿಗಿ ಸುರವಿಕೋತನ ಕೇಳಿದ್ರು.

"ಭೂಮಿ ಕಾಡಿಲ್ಲೇನು? ಹಂಗಾರ ತಮ್ಮನ ಜೋಡಿ ಬಾಂದ-ಬದುವಿನ ಸಲುವಾಗಿ ಜಗಳಾಡಿ ಬೈಲಹೊಂಗಲ ಕೋರ್ಟಿಗೆ ಅಡ್ಡಾಡಾಕ ಹತ್ತೀರಲ್ಲ, ಅದೇನು ಶುಕ್ರನ ಮ್ಯಾಲಿನ ಹೊಲಾನ?"

ಮಾವಾರು ಗಟಗಟಾ ಮಜ್ಜಿಗಿ ಕುಡದ್ರು. ಮುಂದ ಭಾಳ ದಿನ ನಮ್ಮ ಮನ್ಯಾಗ ಊಟದ ಮುಂದ ಯಾರೂ ಏನೂ ಎಣಸಲಿಲ್ಲ.

ಬಾಡಿಗಿ ಖಾಲಿ ಐತಿ

ನನಗ ಮೊದಲ ನೌಕರಿ ಬಂದಿದ್ದು ರಾಮದುರ್ಗದ ಕಡೆ ಒಂದ ಹಳ್ಳಿಗೆ. ಊರಾಗ ಒಂದ ಖೋಲಿ ಬಾಡಿಗಿ ಹಿಡದು ಇದ್ದೆ. ಶನಿವಾರ ಬಸ್ ಹತ್ತಿ ಕಿತ್ತೂರಿಗೆ ಬರೂದು, ಸೋಮವಾರ ನಸುಕಿನ್ಯಾಗ ಹೊಳ್ಳಿ ಹೋಗೂದು.

ಸಾಲಿ ಗ್ವಾಡಿಮ್ಯಾಲೆ ಸೂರ್ಯ, ಗ್ರಹ ಎಲ್ಲಾ ಬರಸೂಣು ಅಂತ ರಾಮದುರ್ಗದಿಂದ ಒಬ್ಬ ಪೇಂಟರನ್ನ ಕರಸಿದ್ವಿ. ಚಿತ್ರ ಭಾಳ ಚಂದ ತಗದ. ಮ್ಯಾಲೆ ದೊಡ್ಡ ಅಕ್ಷರದಾಗ "ಸೌರಮಂಡಲದ ಗೃಹಗಳು" ಅಂತ ಬರದ.

"ಅಲ್ಲಪಾ, ಗೃಹ ಅಂದ್ರ ಮನಿ. ಆಕಾಶದಾಗಿನವು ಗ್ರಹ. ಅದನ್ನ ತಿದ್ದು" ಅಂದೆ.

ಅಂವ ಬ್ರಶ್ ಡಬ್ಬಿಯಾಗ ಇಟ್ಟು ಸ್ಟೂಲಿನಿಂದ ಇಳದ ಬಂದ. "ಅಕ್ಕಾರ, ನಿನ್ನಿ ಒಬ್ಬರ ಹೊಸಾ ಮನಿಗೆ ಬ್ಯಾನರ್ ಬರದ ಕೊಟ್ಟೆ. ಗ್ರಹಪ್ರವೇಶ ಅಂತ ಬರದಿದ್ದೆ. ಅವರು, ನಮ್ಮ ಮನಿಗೆ ಗ್ರಹಾನ್ನ ಹೊಗಸ್ತೀಯೇನಲೇ, ಗೃ ಹಾಕು ಅಂತ ಬಾಯಿಗೆ ಬಂದಂಗ ಬೈದ್ರು. ಇವತ್ತ ನೆನಪಿಟ್ಟ ಗೃ ಹಾಕಿದ್ರ ನೀವ ಬೈತೀರಿ. ನೀವೂ ಅವರೂ ಕುಂತ ಮಾತಾಡಿ ಒಂದ ಅಕ್ಷರ ಇಟ್ಕೋರಿ. ನಾ ಅದನ್ನ ಬರೀತೇನಿ."

ಅವನ ಕೂಡ ಏನ ವಾದ ಮಾಡೂದು? ಚಾ ಕುಡಿಸಿ ತಿದ್ದಿಸಿದೆ. ಆದ್ರ ಅಷ್ಟರಾಗ ಹುಡುಗರು ಆ ತಪ್ಪ ಅಕ್ಷರಾನ ನೋಡಿ ಕಲತ ಬಿಟ್ಟಿದ್ರು. ಆ ಸಲದ ಪರೀಕ್ಷಾದಾಗ ಸೌರಮಂಡಲದ ಬಗ್ಗೆ ಬರೀರಿ ಅಂತ ಕೊಟ್ಟಿದ್ದೆ. ಒಬ್ಬಾಕಿ ಹುಡುಗಿ ಬರದಿದ್ಲು: "ಸೌರಮಂಡಲದಲ್ಲಿ ಒಟ್ಟು ಎಂಟು ಗೃಹಗಳಿವೆ. ಒಂದರಲ್ಲಿ ನಾವು ಇದ್ದೇವೆ. ಉಳಿದ ಏಳು ಬಾಡಿಗೆಗೆ ಖಾಲಿ ಇವೆ."

ಬಾಡಿಗಿ ಖೋಲ್ಯಾಗ ಕುಂತು ಅದನ್ನ ಓದಿ ಒಬ್ಬಾಕಿನ ನಕ್ಕೆ. ಪೂರಾ ಅಂಕ ಕೊಟ್ಟೆ. ಏಳರಾಗ ಒಂದಾದ್ರೂ ಕಿತ್ತೂರ ಹತ್ತರ ಇದ್ದಿದ್ರ ನಾನ ಮೊದಲ ಹಿಡೀತಿದ್ದೆ.

ನಾಕ ಗುರು, ಒಂದೂ ಶನಿ ಇಲ್ಲ

ಅಲ್ಲಿಂದ ಸವದತ್ತಿ ತಾಲೂಕಿಗೆ ವರ್ಗ ಆತು, ಸಿರಸಂಗಿ ಕಡೆ. ಅಲ್ಲಿ ನನಗೊಂದ ಹುರುಪ ಬಂತು. ಹುಡುಗರನ್ನ ಗ್ರಹ ಮಾಡಿ ಮೈದಾನದಾಗ ಸೂರ್ಯನ ಸುತ್ತ ತಿರಗಿಸಿದ್ರ ಜನ್ಮದಾಗ ಮರೆಯೂದಿಲ್ಲ ಅಂತ. ಸುಣ್ಣದಲೆ ವರ್ತುಲ ಹಾಕಿದ್ವಿ. ಯಾರ್ಯಾರು ಏನೇನು ಅಂತ ಹಂಚಿ ಕೊಟ್ಟು, ನಾಳೆ ಬಣ್ಣದ ಕಾಗದ ಮೈಗೆ ಹಚ್ಕೊಂಡ ಬರ್ರಿ ಅಂತ ಮನಿಗೆ ಕಳಿಸಿದೆ.

ಮರುದಿನ ಒಬ್ಬಾಕಿ ತಾಯಿ ಕಳೇ ತಗಿಯೂ ಕುರಪಿ ಕೈಯಾಗ ಹಿಡಕೊಂಡನ ಹೊಲದಿಂದ ಸೀದಾ ಸಾಲಿಗೆ ಬಂದ್ಲು.

"ನನ್ನ ಮಗನ್ನ ಶನಿ ಮಾಡೀರೇನ್ರಿ ಅಕ್ಕಾರ?"

"ಹಂಗಲ್ಲ ಬಾಯಿ, ಶನಿ ಎಲ್ಲಾಕಿಂತ ಚಂದ ಗ್ರಹ. ಸುತ್ತಲೂ ಉಂಗುರ ಅದಾವು."

"ಬಂಗಾರದ್ವೇನು?"

"ಅಲ್ಲ, ಬರ್ಫದ್ವು, ಕಲ್ಲಿನ್ವು."

"ಕಲ್ಲಿನ ಉಂಗುರ ಹಾಕಿ ನನ್ನ ಮಗನ್ನ ಶನಿ ಮಾಡಾಕ ನಾ ಏನ ಅವನ್ನ ದಾರ್ಯಾಗ ಹಡದೇನೇನ್ರಿ? ಗುರು ಮಾಡ್ರಿ!"

ಕುರಪಿ ನೋಡಿ ನಾನು ಗುರು ಮಾಡಿದೆ. ಇದು ಊರಿಗೆ ಗೊತ್ತಾಗಿದ್ದ ತಡ, ಮತ್ತೊಬ್ಬಾಕಿ ತಾಯಿ ಬಂದು ಮಗನ್ನ ಗುರು ಮಾಡಿಸ್ಕೊಂಡ್ಲು. ಮಂಗಳ ಅಂದ್ರ ಮದವಿಗೆ ತ್ರಾಸ ಆಗತೈತಿ ಅಂತ ಒಬ್ಬಾಕಿ ಅಜ್ಜಿ ಮೊಮ್ಮಗಳನ್ನೂ ಗುರು ಮಾಡಿಸಿದ್ಲು. ಕಡೀಕ ನಮ್ಮ ಮೈದಾನದಾಗ ನಾಕ ಗುರು, ಶನಿ ಒಂದೂ ಇಲ್ಲ. ಕಾರ್ಯಕ್ರಮಕ್ಕ ಮಂದಿ ಕೂಡ್ಯಾರ, ಏನ ಮಾಡ್ಲಿ? ನಾನ ಸೊಂಟಕ್ಕ ಸೈಕಲ್ ಟಾಯರ್ ಹಾಕ್ಕೊಂಡು ಶನಿ ವರ್ತುಲದಾಗ ನಿಂತೆ.

ನಮ್ಮ ಹೆಡ್‌ಮಾಸ್ತರ್ರು ಮೈಕಿನ್ಯಾಗ ಗೌರವಲೆ ಹೇಳಿದ್ರು. "ಪಾಲಕರ ಲಕ್ಷ್ಯಕ್ಕ, ನಮ್ಮ ಸಾಲಿಗೆ ಶನಿಯಾಗಿ ಬಂದವರು ನಮ್ಮ ವಿಜ್ಞಾನದ ಅಕ್ಕಾರು."

ಆ ಹೆಸರು ನನಗ ಮತ್ತ ವರ್ಗ ಆಗೂತನಾ ಬಿಡಲಿಲ್ಲ.

ಯಾರಿಗೆ ಕಾಯಿ ಬ್ಯಾಡ?

ಅಂತೂ ನಮ್ಮೂರಿಗೇ ವರ್ಗ ಆತು. ವರ್ಷಗಟ್ಟಲೆ ಒಬ್ಬಾಕಿನ ಅಡಗಿ ಮಾಡಿ ಒಬ್ಬಾಕಿನ ಉಂಡಾಕಿ ನಾ. ನನ್ನ ಮಗಳು ಅತ್ತಿಯವರ ಉಡ್ಯಾಗ ಬೆಳದಾಳ. ನನಗಿಂತ ಅವರನ್ನ ಹೆಚ್ಚ ಅವ್ವಾ ಅಂದಾಳ. ಅಂಥಾದ್ರಾಗ ಸಾಲಿ ಬಿಟ್ಟ ಕೂಡ್ಲೆ ಮನಿಗೆ ನಡಕೋತ ಬಂದು, ಮಗಳ ತಲಿ ಹಿಕ್ಕಿ, ಎಲ್ಲಾರ ಜೋಡಿ ಕುಂತ ಚಾ ಕುಡಿಯೂದು ಸಿಕ್ಕಿತು. ಇದ ಒಂದ ಸಾಕು, ಇನ್ನೇನೂ ಬ್ಯಾಡ ಅನಸ್ತಿತ್ತು.

ಆದ್ರ ಒಂದ ಊರಾಗ ಸೊಸಿ ಎಂಟು, ಮಾವ ಒಂಬತ್ತು ಅಂದ್ರ ಮಂದಿ ಬಿಡತಾರೇನು?

ಊರ ಕಿರಾಣಿ ಸಾವಕಾರ್ರು ಹೊಸಾ ಅಂಗಡಿ ತಗಿಯಾವ್ರಿದ್ರು. ನವಗ್ರಹ ಶಾಂತಿಗೆ ಮಾವಾರನ್ನ ಕರದ್ರು. ಪೂಜಿಗೆ ಮಾವಾರು ಹೋಗಿ ನೋಡಿದ್ರ ಎಂಟ ಕಾಯಿ, ಎಂಟ ವಸ್ತ್ರ, ಎಂಟ ಥರದ ಕಾಳು.

"ಸಾವಕಾರ, ಒಂದೊಂದ ಕಡಿಮಿ ಬಿದ್ದಾವಲ್ಲ?"

"ನಿಮ್ಮ ಸೊಸೀನ ಸಾಲ್ಯಾಗ ನನ್ನ ಮೊಮ್ಮಗಳಿಗೆ ಎಂಟ ಅಂತ ಕಲಿಸ್ಯಾರ್ರಿ ಅಯ್ಯಾರ. ಒಂಬತ್ತನೇದು ಪ್ಲೂಟೊ ಅಂತ, ಅದನ್ನ ತಗದಾರಂತ. ತಗದದ್ದಕ್ಕ ಕಾಯಿ ಯಾಕ?"

ಮಾವಾರು ಸಿಟ್ಟಿಗೇಳೂ ಪೈಕಿ ಅಲ್ಲ. ಪದ್ಮಾಸನ ಹಾಕ್ಕೊಂಡ ಕುಂತು, "ಆತ್ರಿ, ಎಂಟರಾಗನ ಮಾಡೂಣು. ಯಾರಿಗೆ ಕಾಯಿ ಬ್ಯಾಡ ಅನ್ನೂದನ್ನ ನೀವ ಹೇಳ್ರಿ. ಶನೀಗ ಬಿಡ್ಲೇನು?" ಅಂದ್ರು.

"ಅಯ್ಯಯ್ಯಪ್ಪಾ, ಶನೀಗ ಬಿಡಬ್ಯಾಡ್ರಿ!"

"ಗುರೂಗ?"

"ಮಗಳ ಮದವಿ ಮಾತ ನಡದೈತ್ರಿ, ಗುರುಬಲ ಬೇಕಲ್ರಿ."

"ಹಂಗಾರ ಬುಧಗ?"

"ಬುಧ ಅಂದ್ರ ವ್ಯಾಪಾರ ಅಂತ ನೀವ ಹೇಳಿದ್ರಲ್ಲಾ! ಅಂಗಡಿ ತಗಿಯೂ ದಿನಾನ ಅವನ್ನ ಬಿಡೂದ?"

"ರಾಹು? ಕೇತು?"

ಸಾವಕಾರ್ರು ಎದ್ದು ಒಳಗ ಹೋಗಿ ಕಾಯಿ ತಂದ್ರು. ನೋಡಿದ್ರ ಎರಡ. ಮಾವಾರು, "ಒಂದ ಸಾಕಾಗಿತ್ತಲ್ಲ?" ಅಂದ್ರು.

"ಇರಲ್ರಿ, ಇದು ಪ್ಲೂಟೊಗ. ಮೊದಲ ನೌಕರಿ ಕಳಕೊಂಡ ಕುಂತೈತಿ. ನಮ್ಮ ಮ್ಯಾಲೆ ಯಾಕ ಸಿಟ್ಟ ತಗೀಬೇಕು?"

ಪಾಲಕರ ಸಭಾ

ಅವತ್ತ ಸಾವಕಾರ್ರೂ ನಕ್ಕಿದ್ರು. ಆದ್ರ ನಾಕ ಮಂದಿ ಅವರನ್ನ ಪ್ಲೂಟೊ ಸಾವಕಾರ್ರು ಅಂತ ಕರಿಯಾಕ ಹತ್ತಿದ ಮ್ಯಾಲೆ ಅವರಿಗೆ ನಗಿ ಬರಲಿಲ್ಲ. ಸಿಟ್ಟ ನಮ್ಮ ಮನೀಕಡೆ ತಿರಗಿತು. "ಸೊಸೀನ ಮಾತ ಕೇಳಂಗಿಲ್ಲ, ಗ್ರಹ ಇವರ ಮಾತ ಕೇಳತಾವೇನು?" ಅಂತ ಅಂಗಡಿ ಕಟ್ಟಿಮ್ಯಾಲೆ ಕುಂತು ಹೇಳಾಕ ಹತ್ತಿದ್ರು. ಇಬ್ಬರು ಮೂವರು ಶಾಂತಿ ಪೂಜಿಗೆ ಬ್ಯಾರೆ ಊರ ಅಯ್ಯಾರನ್ನ ಕರಸಿದ್ರು. ಮಾವಾರು ನನಗೇನೂ ಹೇಳಲಿಲ್ಲ. ಅತ್ತಿಯವರಿಂದ ಗೊತ್ತಾದಾಗ ಸೀದಾ ಮಾವಾರ ಮುಂದ ಹೋಗಿ ನಿಂತೆ.

"ಮಾವಾರ, ಕೆಲವರು ಎಂಟ ಅಂತಾರ, ಕೆಲವರು ಒಂಬತ್ತ ಅಂತಾರ ಅಂತ ಹೇಳಿ ಪಾಠ ಮುಗಿಸಿ ಬಿಡ್ತೇನ್ರಿ" ಅಂದೆ.

"ಹುಚ್ಚಿ! ಪರೀಕ್ಷಾದಾಗ ಒಂಬತ್ತ ಬರದ್ರ ಹುಡುಗರ ಅಂಕ ಹೋಗತಾವು. ಅಂಕ ಹೋದ ಮ್ಯಾಲೆ ಅವರವ್ವಂದಿರು ನನ್ನ ಕಡೇನ ಬರತಾರ, ಶಾಂತಿ ಮಾಡಸ್ರಿ ಅಂತ. ಅಂಥಾ ದುಡಿಮಿ ನನಗ ಬ್ಯಾಡ. ನೀ ನಿನ್ನ ಎಂಟ ಗಟ್ಟಿ ಹಿಡಿ" ಅಂದು ಚಾ ತಗೊಂಡ ಬಾ ಅಂದ್ರು. ಚಾ ಕಾಸೂ ಮುಂದ ಕಣ್ಣಾಗ ನೀರ ಬಂದು ಸಕ್ಕರಿ ಹಾಕೂದ ಮರತೆ. ಅವರು ಅದನ್ನೂ ಸುಮ್ಮನ ಕುಡದ್ರು.

ಪಾಲಕರ ಸಭಾದಾಗ ಊರಿಗೂರನ ಬಂದಿತ್ತು. ಗಂಡಸರು ಬೆಂಚಿನ ಮ್ಯಾಲೆ, ಹೆಂಗಸರು ಜಮಖಾನಿ ಮ್ಯಾಲೆ. ಸಾವಕಾರ್ರು ಎದ್ದ ನಿಂತ್ರು.

"ನಾವು ಹುಟ್ಟಿದಾಗಿಂದ ನವಗ್ರಹ ಅಂತ ಕೇಳೇವಿ. ಅಕ್ಕಾರು ಒಂಬತ್ತ ಅಂತ ಕಲಸ್ಲಿ. ಆಗೂದಿಲ್ಲಂದ್ರ ನಾವು ಮ್ಯಾಲಿನವರಿಗೆ ಹೇಳಿ ಇವರನ್ನ ಬ್ಯಾರೆ ಊರಿಗೆ ಹಾಕಸ್ತೇವಿ."

ಬಾಡಿಗಿ ಖೋಲಿ, ಸೋಮವಾರದ ನಸುಕಿನ ಬಸ್ಸು, ಕೈ ಬೀಸಿಕೋತ ನಿಂತ ಮಗಳು, ಎಲ್ಲಾ ಕಣ್ಣ ಮುಂದ ಬಂದವು. ಹೆಡ್‌ಮಾಸ್ತರ್ರು ಬೆವರ ಒರಸ್ಕೊಂಡು, ತಮ್ಮ ಹೆಗಲಮ್ಯಾಲಿನ ಭಾರ ಇಳಿಸಿ ಬಿಟ್ರು. "ಅಯ್ಯಾರು ಹಿರಿಯಾರದಾರ. ಅವರ ಹೇಳ್ಲಿ, ಎಂಟೋ ಒಂಬತ್ತೋ. ಅವರು ಹೇಳಿದಂಗ ಆಗಲಿ."

ಎಲ್ಲಾರೂ ಮಾವಾರ ಕಡೆ ತಿರಗಿದ್ರು. ನಾ ತಲಿ ಎತ್ತಲಿಲ್ಲ. ಒಂಬತ್ತ ಅಂದ್ರ ನಾ ಇಡೀ ಊರ ಮುಂದ ಸುಳ್ಳಾಕಿ ಆಗಿ ಗಂಟು ಕಟ್ಟಬೇಕು. ಎಂಟ ಅಂದ್ರ ಅವರು ಜನ್ಮ ಪೂರ್ತಿ ಮಾಡ್ಕೊಂತ ಬಂದ ಕೆಲಸ ಅವರ ಬಾಯಿಂದನ ಮುಗೀತು.

ಮಾವಾರು ಹೆಗಲಮ್ಯಾಲಿನ ವಲ್ಲಿ ಸರಿ ಮಾಡಕೊಂಡು ಎದ್ರು. "ಗ್ರಹ ಎಂಟ" ಅಂದ್ರು.

ಸಾವಕಾರ್ರ ಮಾರಿಮ್ಯಾಲೆ ಗೆದ್ದ ಕಳಾ ಬಂತು. "ಹಂಗಾರ ಇಷ್ಟ ವರ್ಷ ನೀವು ನಮ್ಮ ಕಡಿಂದ ಒಂಬತ್ತಕ್ಕ ಪೂಜಿ ಮಾಡಿಸಿದ್ದು?"

"ಸಾವಕಾರ, ನೀವು ನನ್ನ ಕಡೆ ಗ್ರಹದ ಸಲುವಾಗಿ ಯಾವತ್ತ ಬಂದೀರಿ? ಎಮ್ಮಿ ಹಾಲ ಹಿಂಡಲಿಲ್ಲಂತ ಬಂದ್ರಿ. ಮಗಳಿಗೆ ವರಾ ಸಿಗಲಿಲ್ಲಂತ ಬಂದ್ರಿ. ಬೋರಿಗೆ ನೀರ ಬೀಳಲಿಲ್ಲಂತ ಬಂದ್ರಿ. ಇವೇನ ಗ್ರಹಾನ? ಇವು ಗ್ರಹಚಾರ! ಗ್ರಹ ಎಣಸೂದು ಸಾಲಿ ಕೆಲಸ. ನನ್ನ ಸೊಸಿ ಓದ್ಯಾಳ, ಎಣಿಸ್ಯಾಳ, ಎಂಟ ಅಂದಾಳ. ನಾನೂ ಎಂಟ ಅಂತೇನಿ. ಆದ್ರ ಗ್ರಹಚಾರ ಎಷ್ಟ ಅದಾವು ಅಂತ ಯಾವ ವಿಜ್ಞಾನಿಗೂ ಎಣಸಾಕ ಆಗಿಲ್ಲ. ನಮ್ಮೂರಿನವನ್ನ ಎಲ್ಲಾ ಎಣಿಸಿದ್ರ ನಿಮ್ಮ ಅಂಗಡ್ಯಾಗಿನ ಕಾಯಿ ಸಾಲಂಗಿಲ್ಲ. ನೀವು ಬಡವಾಗತೀರಂತ ನಾನ ಕರುಣಾ ಮಾಡಿ ಒಂಬತ್ತಕ್ಕ ನಿಲ್ಲಿಸೇನಿ."

ಬೆಂಚಿನ ಮ್ಯಾಲಿನವರು ತೊಡಿ ಬಡಕೊಂಡ ನಗಾಕ ಹತ್ತಿದ್ರು. ಸಾವಕಾರ್ರೂ ಎಷ್ಟೊತ್ತ ತಡಕೋತಾರ, ಅವರ ಹೊಟ್ಟಿನೂ ಕುಣೀತು. "ಆತ ಬಿಡ್ರಿ ಅಯ್ಯಾರ. ಅಕ್ಕಾರು ಇಲ್ಲೇ ಇರ್ಲಿ, ಎಂಟನ ಕಲಸ್ಲಿ. ನೀವು ನಾಳೆ ಬಂದು ಮಗಳ ಮದವಿಗೆ ಮುಹೂರ್ತ ನೋಡ್ರಿ" ಅಂದ್ರು. ನಾ ಅಲ್ಲೇ ನಿಂತಲ್ಲೇ ಮಾವಾರಿಗೆ ಕೈ ಮುಗದೆ. ನನ್ನ ಹಡದವರೂ ನನ್ನ ಸಲುವಾಗಿ ಇಷ್ಟ ಮಂದಿ ಮುಂದ ಹಿಂಗ ನಿಂತಿದ್ದಿಲ್ಲ. ಅವರು ಮಾತ್ರ ಏನೂ ಆಗಲಾರದವರಂಗ ವಲ್ಲಿ ಝಾಡಿಸಿ ಕುಂತ್ರು.

ಅಷ್ಟರಾಗ ಜಮಖಾನಿ ಮ್ಯಾಲಿಂದ ಅತ್ತಿಯವರು ಎದ್ದ ನಿಂತ್ರು. ಸೆರಗು ಸೊಂಟಕ್ಕ ಸಿಗಿಸಿ, ಇಡೀ ಸಭಾಕ್ಕ ಕೇಳೂ ಹಂಗ ಹೇಳಿದ್ರು.

"ಒಂಬತ್ತಕ್ಕ ನಿಲ್ಲಿಸ್ಯಾರಂತ, ಕೇಳಿದ್ರೇನ ಯವ್ವಾ! ಹತ್ತನೇದರ ಜೋಡಿ ನಾ ಮದವಿಯಾದಾಗಿಂದ ಸಂಸಾರ ಮಾಡಾಕ ಹತ್ತೇನಿ, ಅದನ್ನ ಎಣಿಕಿಗೇ ಹಿಡೀವಲ್ರು!"